ಒಂದೇ ಕೈಲಿ ಹಿಡಿಯೋ ಪುಸ್ತಕ

ಮಾರ್ಚ್ 4, ರಾತ್ರಿ ಹನ್ನೊಂದೂವರೆ
ಬುಗುರಿಯಿಂದ ದೊಡ್ಡಮ್ಮನಿಗೆ, ವಾಯ್ಸ್ ನೋಟ್

…ಅಷ್ಟು ಸಾಲದು ಅಂತ ಲಿಫ್ಟ್ ಬೇರೆ ಕೆಟ್ಟಿದೆ ದೊಡ್ಡಮ್ಮ. ಐದು ಮಹಡಿ ಹತ್ಕೊಂಡು ಬಂದು ಬಾಗಿಲು ತೆಗೆದ್ರೆ ಒಳಗೆ ಗವ್ವನೆ ಕತ್ತಲೆ. ನನ್ನ ಜೊತೆ ರೂಮಲ್ಲಿರೋ ನರ್ಸ್ ಆಗಲೇ ಮಲಗಿದಾಳೆ. ಒಂಬತ್ತಕ್ಕೆ ಲೈಟ್ ಆರಿಸ್ಬೇಕು ಅನ್ನೋದು ಇಲ್ಲಿಯ ಕಾನೂನು. ಅವಳಿಗೆ ಬೆಳಗಿನ ಜಾವದ ಡ್ಯೂಟಿ, ಅವಳದ್ದೇನೂ ತಪ್ಪಿಲ್ಲ. ಆದ್ರೆ ನಾನು ಬರೋದೇ ಹತ್ತೂವರೆ ಮೇಲೆ. ಒಂದು ಪುಟ ಓದೋಣ ಅಂದ್ರೆ ಎಲ್ಲಿ ಓದ್ಲಿ? ಈಗ ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ. ಇಲ್ಲಿಯ ಲೈಟ್ ಎಂಥದ್ದು ಗೊತ್ತಾ, ಅಲ್ಲಾಡದೆ ಕೂತ್ರೆ ತಾನೇ ಆರಿಹೋಗುತ್ತೆ. ಮಧ್ಯೆ ಮಧ್ಯೆ ಕೈ ಬೀಸ್ತಾ ಇರ್ಬೇಕು. ಯಾರಾದ್ರೂ ನೋಡಿದ್ರೆ ಬಸ್ ನಿಲ್ಲಿಸ್ತಿದಾಳೆ ಅನ್ಕೋಬೇಕು.

ಇರ್ಲಿ, ವಿಷಯಕ್ಕೆ ಬರ್ತೀನಿ. ನಮ್ಮ ಹೋಟೆಲಿನ ಲಾಂಡ್ರಿಗೆ ಮೇಲಿನ ರೂಮುಗಳಿಂದ ಹಾಸಿಗೆ ಬಟ್ಟೆ ಗಂಟು ಕಟ್ಟಿ ಕಳಿಸ್ತಾರಲ್ಲ, ಇವತ್ತು ಒಂದು ದಿಂಬಿನ ಕವರಲ್ಲಿ ಏನೋ ಗಟ್ಟಿ ಸಿಕ್ತು. ಸ್ಲೇಟಿನ ಥರ ತೆಳ್ಳಗೆ. ಇನ್ನೊಂದು ನಿಮಿಷ ತಡ ಆಗಿದ್ರೆ ಮೆಷಿನ್ ಒಳಗೆ ಸೋಪಿನ ನೀರಲ್ಲಿ ಈಜ್ತಿತ್ತು. ನೋಡಿದ್ರೆ ಇ-ಬುಕ್ ರೀಡರ್! ಯಾರೋ ಓದ್ತಾ ಓದ್ತಾ ನಿದ್ದೆ ಹೋಗಿದಾರೆ. ನಮ್ಮ ಲಾಂಡ್ರಿ ಮೇಡಂ ಬಂದು ಕಿತ್ಕೊಳ್ಳೋ ತನಕ ಕೈಯಲ್ಲಿ ಹಿಡ್ಕೊಂಡಿದ್ದೆ. ಅದರದ್ದೇ ಬೆಳಕು ದೊಡ್ಡಮ್ಮ, ಕಣ್ಣಿಗೆ ಹೊಡೆಯಲ್ಲ, ಕಾಗದದ ಹಾಗೇ ಇದೆ. ಪಕ್ಕದವರ ನಿದ್ದೆ ಕೆಡಿಸದೆ ಕತ್ತಲೆಯಲ್ಲಿ ಓದ್ಬಹುದು.

ನನಗೂ ಒಂದು ಬೇಕು. ರೂಮು ಬದಲಾಯಿಸಿದಾಗೆಲ್ಲ ಪುಸ್ತಕ ಬಿಟ್ಟು ಬಂದು ಬಂದು ಸಾಕಾಗಿದೆ. ಅಂಗಡಿಯಲ್ಲಿ ಮೂರು ಥರ ಇದಾವೆ. ಯಾವುದು ತಗೊಳ್ಳಲಿ? ಪುಸ್ತಕ ಬೈಂಡ್ ಮಾಡೋಳ ಹತ್ರ ಹೋಗಿ ಕೇಳ್ತಿದೀನಲ್ಲ, ಬೈಯೋದಿದ್ರೆ ಈಗಲೇ ಬೈದುಬಿಡು. ಅಯ್ಯೋ, ಲೈಟ್ ಹೋಯ್ತು.

ಮಾರ್ಚ್ 9
ದೊಡ್ಡಮ್ಮನಿಂದ, ಕಾಗದದ ಮೇಲೆ ಬರೆದು ಫೋಟೊ ತೆಗೆದು ಕಳಿಸಿದ್ದು

ಬುಗುರಿ,

ನಿನ್ನ ಮಾತನ್ನು ಎರಡು ಸಲ ಕೇಳಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಗು ಬಂತು. ಆಯಸ್ಸಿಡೀ ಪುಸ್ತಕಗಳಿಗೆ ಬೆನ್ನು ಕಟ್ಟಿದವಳ ಹತ್ತಿರ ಬೆನ್ನೇ ಇಲ್ಲದ ಪುಸ್ತಕಕ್ಕೆ ಸಲಹೆ ಕೇಳುತ್ತೀಯಲ್ಲ, ನಿನ್ನ ಧೈರ್ಯವನ್ನು ಮೆಚ್ಚಬೇಕು.

ನೀನು ಹೀಗೆ ರಾತ್ರಿ ಹೊತ್ತು ಮೆಟ್ಟಿಲ ಮೇಲೆ ಕೂತು ಫೋನಿಗೆ ಹೇಳಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಕೈಯಿರುವಾಗ ಬಾಯಿಗೆ ಯಾಕೆ ಕೆಲಸ? ಕಾಗದ ಬರೆದರೆ ಮಾತು ತೂಕವಾಗಿರುತ್ತದೆ. ಈ ಕಾಗದವೂ ಕತ್ತರಿಸಿ ಉಳಿದ ಅಂಚಿನದ್ದೇ, ವ್ಯರ್ಥವೇನೂ ಆಗಿಲ್ಲ.

ಪಕ್ಕದಂಗಡಿಯ ಟೈಲರಿಗೆ ನಿನ್ನ ಯಂತ್ರದ ವಿಷಯ ಹೇಳಿದೆ. "ಅಕ್ಕ, ಹಾಗಾದ್ರೆ ಮುಂದೆ ಹೊಲಿಗೆ ಇಲ್ಲದ ಷರ್ಟೂ ಬರುತ್ತಾ?" ಎಂದು ಕೇಳಿದ. ಪಾಪ, ಅವನ ಭಯ ಅವನಿಗೆ.

ಸುಮ್ಮನೆ ಕೇಳುತ್ತೇನೆ: ಅದು ಎಷ್ಟು ಭಾರವಿರುತ್ತದೆ? ಒಂದೇ ಕೈಯಲ್ಲಿ ಹಿಡಿಯಬಹುದೇ? ಪುಟ ತಿರುಗಿಸುವುದಕ್ಕೆ ಬೆರಳ ತುದಿಯೇ ಬೇಕೇ?

ದೊಡ್ಡಮ್ಮ

ಮಾರ್ಚ್ 11, ರಾತ್ರಿ ಹನ್ನೆರಡರ ಹತ್ತಿರ
ಬುಗುರಿಯಿಂದ, ವಾಯ್ಸ್ ನೋಟ್

ಬೆನ್ನಿಲ್ಲದ ಪುಸ್ತಕ! ಇದನ್ನ ನರ್ಸಿಗೆ ಹೇಳಿದೆ, ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಟೈಮ್ ನೋಡಿ ಲೈಟ್ ಆರಿಸಿದ್ಳು.

ಇವತ್ತು ರಜಾ ಇತ್ತು, ಅಂಗಡಿಗೆ ಹೋಗಿದ್ದೆ. ಮೂರನ್ನೂ ಕೈಗೆ ತಗೊಂಡು ನೋಡ್ದೆ. ಮೊದಲನೇದು ಪುಟಾಣಿ, ಕೋಟಿನ ಜೇಬಲ್ಲಿ ಹೋಗುತ್ತೆ, ಸೋಪಿನಷ್ಟು ಹಗುರ. ಪುಟ ತಿರುಗಿಸೋಕೆ ಗಾಜನ್ನ ಬೆರಳಲ್ಲಿ ಸವರ್ಬೇಕು. ಎರಡನೇದು ವಿಕಾರ ದೊಡ್ಡಮ್ಮ. ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳ್ಳಗೆ, ಊದಿಕೊಂಡ ಕೆನ್ನೆ ಥರ. ಆ ದಪ್ಪ ಪಕ್ಕದಲ್ಲಿ ಎರಡು ಬಟನ್ ಇದಾವೆ, ಒತ್ತಿದ್ರೆ ಪುಟ ಹೋಗುತ್ತೆ, ಬರುತ್ತೆ. ಅದರಲ್ಲಿ ನಮ್ಮ ಭಾಷೆಯ ಒಂದು ಪುಸ್ತಕ ತೆಗೆದು ನೋಡ್ದೆ, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ, ಜಗಳ ಆಡಿ ಬೇರೆ ಬೇರೆ ಕೂತ ಹಾಗಿದ್ವು. ಅಲ್ಲಿಗೇ ಅದು ಬೇಡ ಅಂದೆ.

ಮೂರನೇದೇ ನೋಡು, ಊಟದ ತಟ್ಟೆಯಷ್ಟು ಅಗಲ! ಅಕ್ಷರ ದೊಡ್ಡದು, ಜೊತೆಗೆ ಒಂದು ಪೆನ್ನೂ ಕೊಡ್ತಾರೆ, ಅಂಚಲ್ಲಿ ಬರೀಬಹುದು. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿದೆ. ಅಂಗಡಿಯವಳು ಕೇಳಿದ್ಳು, "ನೀವು ಎಲ್ಲಿ ಕೂತು ಓದ್ತೀರಾ?" ಅಂತ. "ಒಂದು ಕಡೆ ಕೂರೋದೇ ಇಲ್ಲ" ಅಂದೆ. "ಹಾಗಾದ್ರೆ ಸಣ್ಣದು ತಗೊಳ್ಳಿ" ಅಂದ್ಳು. ಅಷ್ಟಕ್ಕೆ ಕೇಳೋಳಲ್ಲ ನಾನು.

ನೀನು ಭಾರ ಎಷ್ಟು ಅಂತ ಕೇಳಿದ್ದಿ ಅಲ್ವಾ, ತಟ್ಟೆಗೆ ಎರಡೂ ಕೈ ಬೇಕು. ಆದ್ರೆ ಇದ್ಯಾಕೆ ಕೇಳ್ತಿದೀಯ ಗೊತ್ತು ಬಿಡು. "ನಾನು ಕಟ್ಟಿದ ಪುಸ್ತಕ ಇದಕ್ಕಿಂತ ಹಗುರ" ಅಂತ ಕೊನೆಗೆ ಒಂದು ಏಟು ಹಾಕ್ತೀಯ, ಅಷ್ಟೇ ತಾನೆ?

ಮಾರ್ಚ್ 20
ದೊಡ್ಡಮ್ಮನಿಂದ, ಕಾಗದದ ಫೋಟೊ

ಬುಗುರಿ,

ಉತ್ತರ ತಡವಾಯಿತು. ಗ್ರಂಥಾಲಯದವರ ಪುಸ್ತಕದ ಕಟ್ಟು ಬಂದಿತ್ತು. ಈಗ ಪುರುಸೊತ್ತಿಲ್ಲವೆಂದು ವಾಪಸ್ ಕಳಿಸಿದೆ. ಟೈಲರ್ ಹೊತ್ತು ಕೊಟ್ಟು ಬಂದ.

ಆ ಗುಂಡಿಯಿರುವುದನ್ನು ಒತ್ತುವುದಕ್ಕೆ ಬಲ ಎಷ್ಟು ಬೇಕು? ಮಣಿಕಟ್ಟಿನಿಂದ ಒತ್ತಿದರೂ ಆಗುತ್ತದೆಯೇ? ಮೇಜಿನ ಮೇಲೆ ನಿಲ್ಲಿಸಿದರೆ ನಿಲ್ಲುತ್ತದೆಯೇ? ಅಕ್ಷರ ಚೆದುರದಿರುವುದಕ್ಕೆ ಏನಾದರೂ ದಾರಿ ಇರಬೇಕು, ಅಂಗಡಿಯಲ್ಲಿ ಕೇಳು.

ದೊ.

ಮಾರ್ಚ್ 21, ರಾತ್ರಿ ಹನ್ನೊಂದು
ಬುಗುರಿಯಿಂದ, ವಾಯ್ಸ್ ನೋಟ್

ನೀನೇನು ವಕೀಲಿಕೆ ಶುರು ಮಾಡಿದೀಯಾ? ಇದೆಂಥ ಪಾಟಿ ಸವಾಲು! ಮಣಿಕಟ್ಟಿಂದ ಒತ್ತಬಹುದಾ ಅಂತೆ. ಮೊಣಕೈಯಿಂದ, ಮೂಗಿಂದ ಒತ್ತಬಹುದಾ ಅಂತ ಕೇಳೋದು ಬಾಕಿ. ನನಗೆ ಅದು ಬೇಡ ಅಂತ ಹೇಳಾಯ್ತು, ನೀನು ಮಾತ್ರ ಅದರ ಹಿಂದೇನೇ ಬಿದ್ದಿದೀಯ. ತಗೊಳ್ಳದೇ ಇರೋ ಹಾಗೆ ಮಾಡ್ಬೇಕು ಅಂತ ತಾನೆ ಇದೆಲ್ಲ? ಹೇಳೋದಿದ್ರೆ ನೆಟ್ಟಗೆ ಹೇಳು. "ಪುಸ್ತಕಕ್ಕೆ ದ್ರೋಹ ಮಾಡ್ತಿದೀಯ" ಅಂತ ಒಂದು ಸಾಲು ಬರೆದ್ರೆ ಮುಗೀತು. ಸಹಿ ಕೂಡ ಪೂರ್ತಿ ಹಾಕಿಲ್ಲ, ಬರೀ "ದೊ" ಅಂತೆ! ಅಷ್ಟು ಸಿಟ್ಟಾ ನನ್ನ ಮೇಲೆ?

ಗ್ರಂಥಾಲಯದ ಕೆಲಸಾನೇ ವಾಪಸ್ ಕಳಿಸಿದೀಯ ಅಂದ್ರೆ ಅಂಗಡಿ ಜೋರಾಗಿದೆ ಅಂತಾಯ್ತು. ಸಂತೋಷ. ನಾನಿಲ್ಲದೇನೂ ಎಲ್ಲ ಚೆನ್ನಾಗೇ ನಡೀತಿದೆ.

ಇಲ್ಲಿ ಮಾತ್ರ ಏನೂ ಸರಿಯಿಲ್ಲ. ಮೇಡಂ ಕರೆದು, "ನೀನು ಇರೋದಾದ್ರೆ ಇಸ್ತ್ರಿ ವಿಭಾಗಕ್ಕೆ ಖಾಯಂ ಮಾಡ್ತೀನಿ, ಯೋಚಿಸಿ ಹೇಳು" ಅಂದ್ರು. ಖಾಯಂ ಅನ್ನೋ ಪದ ಕೇಳಿದ್ರೇನೇ ನನ್ನ ಕಾಲು ತುರಿಸೋಕೆ ಶುರುವಾಗುತ್ತೆ. ಬೇರೆ ಊರಲ್ಲಿ ಒಂದು ಕೆಲಸ ಇದೆಯಂತೆ, ಜೊತೆಗೆ ಕೆಲಸ ಮಾಡ್ತಿದ್ದವಳು ಅಲ್ಲಿಗೆ ಹೋಗಿದಾಳೆ. ನೋಡೋಣ. ಸೂಟ್‌ಕೇಸ್ ಮಂಚದ ಕೆಳಗಿಂದ ಹೊರಗೆ ಎಳೆದು ಇಟ್ಟಿದೀನಿ, ಧೂಳು ಒರೆಸೋಕೆ ಅಂತ.

ಏಪ್ರಿಲ್ 2, ಮಧ್ಯಾಹ್ನ
ದೊಡ್ಡಮ್ಮನಿಂದ, ವಾಯ್ಸ್ ನೋಟ್

ಹಲೋ. ಹಲೋ? ಇದು ಕೇಳುತ್ತಾ? ಏನಪ್ಪಾ ಟೈಲರ್, ಶುರು ಆಗಿದೆಯಾ?

"ಆಗಿದೆ ಅಕ್ಕ, ಒತ್ತಿ ಹಿಡ್ಕೊಂಡಿದೀನಿ. ಮಾತಾಡಿ."

ಮಾತಾಡಿ ಅಂದ್ರೆ ಹೇಗೆ ಮಾತಾಡೋದು, ಎದುರಿಗೆ ನೀನು ಬಾಯಿ ನೋಡ್ತಾ ನಿಂತ್ರೆ? ಆ ಕಡೆ ತಿರುಗು. ಹ್ಞೂ. ಬುಗುರಿ, ನನ್ನ ಕೈಗೆಲ್ಲ ಅಂಟು ಮೆತ್ಕೊಂಡಿದೆ, ಅದಕ್ಕೇ ಬರೆದಿಲ್ಲ. ಸಿಟ್ಟು ಗಿಟ್ಟು ಏನೂ ಇಲ್ಲ ಕಣೇ. ನೀನು ಆ ಬೇರೆ ಊರಿನ ಸುದ್ದಿ ಹೇಳಿದ್ದೀಯಲ್ಲ, ಅದು ಬೇಡ. ಅಲ್ಲಿ ಏನಿದೆ? ಇಲ್ಲಿ ಇಲ್ಲದ್ದು ಅಲ್ಲಿ ಏನಿದೆ? ಹೋದ ಕಡೆಯೆಲ್ಲ ನೀನೇ ಇರ್ತೀಯ ತಾನೆ, ಬೇರೆ ಯಾರೂ ಇರಲ್ಲ.

"ಚೆನ್ನಾಗಿ ಹೇಳಿದ್ರಿ ಅಕ್ಕ."

ನೀನು ಸುಮ್ನಿರಪ್ಪ. ಮತ್ತೆ, ಆ ಅಕ್ಷರ ಚೆದುರೋದರ ಬಗ್ಗೆ ಕೇಳಿದ್ಯಾ ಅಂಗಡಿಯಲ್ಲಿ? ಸುಮ್ಮನೆ ಕೇಳ್ದೆ. ಇದನ್ನ ಈಗ ನಿಲ್ಲಿಸೋದು ಹೇ—

ಏಪ್ರಿಲ್ 3, ರಾತ್ರಿ ಹನ್ನೊಂದೂವರೆ
ಬುಗುರಿಯಿಂದ, ವಾಯ್ಸ್ ನೋಟ್

ದೊಡ್ಡಮ್ಮಾ! ಕೊನೆಗೂ ಬಾಯಿಗೆ ಕೆಲಸ ಕೊಟ್ಯಲ್ಲ! ನಿನ್ನ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಟೈಲರಂತೂ ಸೂಪರ್, ಅವನಿಗೆ ಆಕಾಶವಾಣಿಯಲ್ಲಿ ಕೆಲಸ ಕೊಡ್ಬೇಕು. ಅಂಟು ಹತ್ತಿದ್ರೂ ಪರವಾಗಿಲ್ಲ, ಇನ್ನು ಮೇಲೆ ಹೀಗೇ ಮಾತಾಡು.

ಬೇರೆ ಊರಿನ ವಿಷಯ ಈಗ ಬೇಡ. ಹೋದ ಕಡೆಯೆಲ್ಲ ನಾನೇ ಇರ್ತೀನಿ ಅಂದ್ಯಲ್ಲ, ಅದೇ ತೊಂದರೆ ನನಗೆ. ಇಲ್ಲಿ ಮಲಗಿದ್ರೂ ಕಾಲು ನಡೀತಾನೇ ಇರುತ್ತೆ. ನರ್ಸ್ ಹೇಳ್ತಾಳೆ, ನಿದ್ದೆಯಲ್ಲಿ ಗೋಡೆಗೆ ಒದೀತೀನಂತೆ.

ಆಯ್ತು, ತಟ್ಟೆಯನ್ನೇ ತಗೊಳ್ಳೋದು ಅಂತ ತೀರ್ಮಾನ. ನಾಳಿದ್ದು ರಜಾ. ಬಟನ್ ಇರೋದರ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದ್ರೆ ನೋಡು!

ಏಪ್ರಿಲ್ 9, ರಾತ್ರಿ
ಬುಗುರಿಯಿಂದ, ವಾಯ್ಸ್ ನೋಟ್

ದೊಡ್ಡಮ್ಮ, ತಗೊಳ್ಳಲಿಲ್ಲ. ಸ್ವಲ್ಪ ಕೆಲಸ ಜಾಸ್ತಿ ಇತ್ತು. ಚೆನ್ನಾಗಿದೀನಿ. ಆಮೇಲೆ ಮಾತಾಡ್ತೀನಿ.

ಏಪ್ರಿಲ್ 12, ಸಂಜೆ
ದೊಡ್ಡಮ್ಮನಿಂದ, ವಾಯ್ಸ್ ನೋಟ್

ಹತ್ತು ಮಾತಾಡೋಳು ಒಂದೂವರೆ ಮಾತಾಡಿ ಹೋಗಿದೀಯ. "ಚೆನ್ನಾಗಿದೀನಿ" ಅಂತ ನಾನು ಕೇಳದೇನೇ ಹೇಳಿದೀಯ. ಅಲ್ಲಿಗೇ ಗೊತ್ತಾಯ್ತು ನನಗೆ. ಬಿಟ್ಯಾ ಕೆಲಸ? ಬೇರೆ ಊರಿಗೆ ಹೊರಟ್ಯಾ? ಹೊರಟಿದ್ರೆ ಹೇಳು, ಮುಚ್ಚಿಡಬೇಡ.

ಸಣ್ಣವಳಿದ್ದಾಗಿಂದ ನಿನ್ನದು ಇದೇ ಬುದ್ಧಿ. ರಟ್ಟಿಗೆ ಬಟ್ಟೆ ಅಂಟಿಸಿ ಪ್ರೆಸ್ಸಿನ ಹಲಗೆಗಳ ಮಧ್ಯೆ ಒತ್ತಿಟ್ಟು, ನಾಳೆ ತನಕ ಮುಟ್ಟಬೇಡ ಅಂದ್ರೆ, ನಾನು ಆ ಕಡೆ ಹೋಗೋದೇ ತಡ, ನೀನು ತಿರುಪು ಸಡಿಲ ಮಾಡಿ ಇಣುಕ್ತಿದ್ದೆ. ಅಂಟು ಹಸಿ ಇರುವಾಗ ತೆಗೆದ್ರೆ ರಟ್ಟು ಸೊಟ್ಟಗಾಗದೆ ಏನಾಗುತ್ತೆ? ನೀನು ಕಟ್ಟಿದ್ದ ಪುಸ್ತಕ ಒಂದೂ ಮೇಜಿನ ಮೇಲೆ ಮಟ್ಟಸವಾಗಿ ಮಲಗ್ತಾ ಇರಲಿಲ್ಲ. ಊರುಗಳನ್ನೂ ನೀನು ಹಾಗೇ ಬಿಚ್ಚಿ ಬಿಚ್ಚಿ ಬರ್ತಿದೀಯ ಕಣೇ. ಒಂದು ಕಡೆ ಅಂಟು ಹಿಡಿಯೋಕೆ ಬಿಡು.

"ಅಕ್ಕ, ನನ್ನ ಹೆಬ್ಬೆರಳು ನೋಯ್ತಿದೆ."

ಬಿಡು ಹಾಗಾದ್ರೆ.

ಏಪ್ರಿಲ್ 14, ರಾತ್ರಿ ಹನ್ನೆರಡೂವರೆ
ಬುಗುರಿಯಿಂದ, ವಾಯ್ಸ್ ನೋಟ್

ದೊಡ್ಡಮ್ಮ, ಮಧ್ಯೆ ನಿಲ್ಲಿಸದೆ ಪೂರ್ತಿ ಕೇಳು.

ನಾನು ಎಲ್ಲಿಗೂ ಹೋಗಿಲ್ಲ. ಹಾಸಿಗೆ ಬಟ್ಟೆ ಇಸ್ತ್ರಿ ಆಗೋಕೆ ದೊಡ್ಡ ಬಿಸಿ ರೋಲರ್ ಇದೆಯಲ್ಲ, ಅದಕ್ಕೆ ಬಟ್ಟೆಯ ತುದಿ ಕೊಡುವಾಗ ನನ್ನ ಬಲಗೈ ಬೆರಳುಗಳು ಸಿಕ್ಕಿಹಾಕ್ಕೊಂಡ್ವು. ಗಾಬರಿ ಆಗಬೇಡ, ಪಕ್ಕದಲ್ಲಿದ್ದೋಳು ತಕ್ಷಣ ನಿಲ್ಲಿಸಿದ್ಳು. ಮೂಳೆಗೆ ಏನೂ ಆಗಿಲ್ಲ, ಸುಟ್ಟಿದೆ, ಜಜ್ಜಿದೆ. ನರ್ಸ್ ದಿನಾ ಬ್ಯಾಂಡೇಜ್ ಬದಲಾಯಿಸ್ತಾಳೆ. ಒಂಬತ್ತಾದ್ರೂ ಲೈಟ್ ಆರಿಸಲ್ಲ ಈಗ, ಪಾಪ. ನಿನಗೆ ಯಾಕೆ ಹೇಳಲಿಲ್ಲ ಅಂದ್ರೆ, ನೀನು ನಿದ್ದೆ ಬಿಡ್ತೀಯ ಅಂತ. ಅಷ್ಟೇ.

ಇವತ್ತು ಸುಮ್ಮನೆ ಕೂತು ಕೂತು ತಲೆ ಕೆಟ್ಟು ಅಂಗಡಿಗೆ ಹೋದೆ, ತಟ್ಟೆ ತಂದೇಬಿಡೋಣ ಅಂತ. ಎತ್ತೋಕೇ ಆಗಲಿಲ್ಲ. ಎಡಗೈ ಒಂದರಲ್ಲಿ ಹಿಡಿದ್ರೆ ವಾಲುತ್ತೆ. ಸರಿ ಅಂತ ಪುಟಾಣಿ ತಗೊಂಡೆ. ಹಿಡಿಯೋಕೆ ಬರುತ್ತೆ, ಆದ್ರೆ ಪುಟ ತಿರುಗಿಸೋಕೆ ಬ್ಯಾಂಡೇಜಿನ ಬೆರಳಲ್ಲಿ ಸವರಿದ್ರೆ ಗಾಜಿಗೆ ನಾನು ಮುಟ್ಟಿದ್ದೇ ಗೊತ್ತಾಗಲ್ಲ. ನಾನು ಯಾರೂ ಅಲ್ಲ ಅನ್ನೋ ಹಾಗೆ ಸುಮ್ಮನೆ ಇರುತ್ತೆ. ಅಂಗಡಿಯವಳು ಆ ವಿಕಾರದ್ದನ್ನ ಕೈಗಿಟ್ಳು. ಆ ದಪ್ಪ ಪಕ್ಕ ಅಂಗೈಯಲ್ಲಿ ತಾನಾಗೇ ಕೂತ್ಕೊಳ್ತು ದೊಡ್ಡಮ್ಮ. ಬೆರಳು ಮಡಚಬೇಕಾಗೇ ಇಲ್ಲ. ಬಟನ್ ಮೇಲೆ ಬ್ಯಾಂಡೇಜನ್ನ ಹಾಗೇ ಊರಿದೆ, ಪುಟ ಹೋಯ್ತು. ಮಣಿಕಟ್ಟಿಂದ ಒತ್ತಿದೆ. ಅದಕ್ಕೂ ಹೋಯ್ತು.

ಮಣಿಕಟ್ಟಿಂದ ಒತ್ತಿದ ಮೇಲೆ ನಾನು ಅಲ್ಲೇ ನಿಂತುಬಿಟ್ಟೆ.

ಎಷ್ಟು ಭಾರ. ಒಂದೇ ಕೈಯಲ್ಲಿ ಹಿಡಿಯಬಹುದಾ. ಬೆರಳ ತುದಿಯೇ ಬೇಕಾ. ಬಲ ಎಷ್ಟು ಬೇಕು. ನಿಲ್ಲಿಸಿದ್ರೆ ನಿಲ್ಲುತ್ತಾ. ನೀನು ನನ್ನ ಕಾಲೆಳೀತಿದೀಯ ಅನ್ಕೊಂಡಿದ್ದೆ. ಆದ್ರೆ ಕೈ ಗಟ್ಟಿ ಇರೋರಿಗೆ ಈ ಪ್ರಶ್ನೆಗಳು ಹೊಳೆಯೋದೇ ಇಲ್ಲ. ನನಗೇ ಕೈ ಹೋಗೋ ತನಕ ಒಂದೂ ಹೊಳೀಲಿಲ್ಲ. ನಿನ್ನ ಕೊನೇ ಕಾಗದದ ಫೋಟೊ ಈಗ ದೊಡ್ಡದು ಮಾಡಿ ನೋಡ್ದೆ. ಆ "ದೊ" ನಡುಗಿದೆ. ನಾನು ಅದನ್ನ ಸಿಟ್ಟು ಅಂದ್ಕೊಂಡೆ.

ನಿನ್ನ ಕೈಗೆ ಏನಾಗಿದೆ? ಅಂಟು ಮೆತ್ಕೊಂಡಿದೆ ಅಂತ ಮತ್ತೆ ಹೇಳಿದ್ರೆ ನಾನು ಕೇಳಲ್ಲ. ನಾಳೇನೇ ಟಿಕೆಟ್ ತಗೊಂಡು ಹೊರಟು ಬರ್ತೀನಿ.

ಏಪ್ರಿಲ್ 15, ಬೆಳಿಗ್ಗೆ
ದೊಡ್ಡಮ್ಮನಿಂದ, ವಾಯ್ಸ್ ನೋಟ್

ಬರಬೇಡ.

ಟೈಲರನ್ನ ಹೊರಗೆ ಕಳಿಸಿದೀನಿ. ಈ ಫೋನನ್ನ ಪ್ರೆಸ್ಸಿನ ಹಲಗೆ ಮೇಲಿಟ್ಟು ಗೆಣ್ಣಲ್ಲಿ ಒತ್ತಿದ್ದೀನಿ, ಮಧ್ಯೆ ನಿಂತುಹೋದ್ರೆ ಮತ್ತೆ ಮಾಡ್ತೀನಿ. ಮೊದಲು ನಿನ್ನ ಬೆರಳಿನ ವಿಷಯ. ಸುಟ್ಟ ಗಾಯಕ್ಕೆ ನೀರು ತಾಗಿಸಬೇಡ, ನಿನ್ನ ನರ್ಸ್ ಹೇಳಿದ ಹಾಗೆ ಕೇಳು. ಆ ಹುಡುಗಿಗೆ ನನ್ನ ಆಶೀರ್ವಾದ ಹೇಳು. ಹೇಳದೇ ಇದ್ದಿದ್ದಕ್ಕೆ ನಿನ್ನನ್ನ ಬೈಯೋ ಯೋಗ್ಯತೆ ನನಗಿಲ್ಲ ಬಿಡು, ನಾನೂ ಅದನ್ನೇ ಮಾಡಿದ್ದು.

ಚಳಿಗಾಲದಿಂದ ಶುರುವಾಯ್ತು. ಬೆಳಿಗ್ಗೆ ಎದ್ರೆ ಬೆರಳುಗಳು ಮಡಚಿದ ಹಾಗೇ ಇರ್ತಾವೆ, ಬಿಸಿನೀರಲ್ಲಿ ಇಟ್ಟು ಒಂದೊಂದಾಗಿ ಬಿಡಿಸ್ಬೇಕು. ಸೂಜಿ ಹಿಡಿದ್ರೆ ಕೈಲಿದೆಯೋ ಬಿದ್ದಿದೆಯೋ ಗೊತ್ತಾಗಲ್ಲ. ಡಾಕ್ಟರು ಮಾತ್ರೆ ಕೊಟ್ಟಿದಾರೆ, ನೋವಿಗೆ ಆಗುತ್ತೆ, ಸೂಜಿಗೆ ಆಗಲ್ಲ. ಗ್ರಂಥಾಲಯದ ಕಟ್ಟು ವಾಪಸ್ ಕಳಿಸಿದ್ದು ಪುರುಸೊತ್ತಿಲ್ಲದೆ ಅಲ್ಲ. ಅಷ್ಟನ್ನ ತಡ್ಕೊಂಡೆ ಕಣೇ. ಕೆಲಸ ಇವತ್ತಲ್ಲ ನಾಳೆ ನಿಲ್ಲೋದೇ. ಆದ್ರೆ ಒಂದು ದಿನ ಮಲಗಿ ಓದ್ತಿದ್ದೆ, ನಾನೇ ಕಟ್ಟಿದ ದಪ್ಪ ಪುಸ್ತಕ, ಕೈ ಸೋತು ದಬಕ್ ಅಂತ ಮುಖದ ಮೇಲೇ ಬಿತ್ತು. ಕನ್ನಡಕ ಮುರೀತು. ಆವತ್ತು ಅತ್ತುಬಿಟ್ಟೆ. ಓದೋದೂ ಹೋದ್ರೆ ದಿನಾ ಏನು ಮಾಡ್ಲಿ ನಾನು?

ಟೈಲರ್ ಪಾಪ ಒಂದು ವಾರ ಪಕ್ಕದಲ್ಲಿ ಕೂತು ಪುಟ ತಿರುಗಿಸಿದ. ಆದ್ರೆ ಅವನು ನನಗಿಂತ ಬೇಗ ಓದ್ತಾನೆ. ಪುಟ ತಿರುಗಿಸೋಕೆ ಮುಂಚೇನೇ "ಅಕ್ಕ, ಇವಳು ಸಾಯ್ತಾಳೆ ನೋಡ್ತಿರಿ" ಅಂತಾನೆ. ಅವನನ್ನ ಕಟ್ಕೊಂಡು ಕತೆ ಓದೋಕಾಗುತ್ತಾ?

ಅಷ್ಟರಲ್ಲಿ ನಿನ್ನ ಸುದ್ದಿ ಬಂತು, ಮೂರು ಥರ ಇದೆ, ಯಾವುದು ತಗೊಳ್ಳಲಿ ಅಂತ. ನನಗೆ ಅಂತ ಕೇಳಿದ್ರೆ ನಿನಗೆ ಗೊತ್ತಾಗಿಬಿಡುತ್ತೆ. ಗೊತ್ತಾದ್ರೆ ನೀನು ಓಡಿ ಬರ್ತೀಯ. ನನ್ನ ಮೇಲಿನ ಪ್ರೀತಿಗೆ ಬಂದ್ರೆ ಬೇಡ ಅನ್ನಲ್ಲ. ಆದ್ರೆ ನೀನು ಅಲ್ಲಿಂದ ಓಡೋಕೆ ಒಂದು ನೆಪ ಹುಡುಕ್ತಾ ಇದ್ದೆ. ನನ್ನ ಕೈ ನಿನ್ನ ನೆಪ ಆಗೋದು ನನಗೆ ಬೇಡ. ರಜಾ ಹಾಕಿ ನೆಂಟಳ ಹಾಗೆ ಬಾ, ಉಣ್ಣು, ಜಗಳ ಆಡು, ವಾಪಸ್ ಹೋಗು. ಬಿಟ್ಟು ಬರಬೇಡ.

ಆ ಬಟನ್ ಇರೋದೇ ಸರಿ ಅನಿಸುತ್ತೆ. ಅಕ್ಷರ ಚೆದುರೋದೊಂದು ಸರಿಮಾಡಿಸು.

ಏಪ್ರಿಲ್ 19, ರಾತ್ರಿ ಹನ್ನೊಂದು
ಬುಗುರಿಯಿಂದ, ವಾಯ್ಸ್ ನೋಟ್

ಟಿಕೆಟ್ ತಗೊಳ್ಳೋಕೆ ನಿಜವಾಗ್ಲೂ ಹೋಗಿದ್ದೆ. ಕ್ಯೂನಲ್ಲಿ ನಿಂತು ನಿನ್ನ ಮಾತನ್ನ ಇನ್ನೊಂದು ಸಲ ಕೇಳ್ದೆ. ನೆಪ ಅಂದ್ಯಲ್ಲ, ಆ ಮಾತು ಚುಚ್ಚಿತು. ಸುಳ್ಳಾಗಿದ್ರೆ ಚುಚ್ಚುತ್ತಿರಲಿಲ್ಲ. ನನ್ನ ಸರದಿ ಬಂದಾಗ "ಏನಿಲ್ಲ" ಅಂತ ಹೇಳಿ ಪಕ್ಕಕ್ಕೆ ಸರಿದೆ. ಕೌಂಟರಿನವನು ನನ್ನನ್ನ ಮೇಲಿಂದ ಕೆಳಗೆ ನೋಡಿದ.

ವಿಕಾರದ್ದನ್ನ ತಗೊಂಡೆ, ನಿನಗೆ. ಅಕ್ಷರಕ್ಕೂ ದಾರಿ ಸಿಕ್ತು. ನಮ್ಮ ಲಿಪಿಯ ಫಾಂಟನ್ನ ನಾವೇ ಒಳಗೆ ಹಾಕ್ಕೋಬಹುದಂತೆ. ಅಂಗಡಿಯವಳೂ ನಾನೂ ಕೂತು ಹಾಕಿದ್ವಿ. ಒತ್ತಕ್ಷರಗಳೆಲ್ಲ ರಾಜಿ ಆಗಿ ತಮ್ಮ ತಮ್ಮ ಜಾಗದಲ್ಲಿ ಕೂತಿದಾವೆ. ಅಂಗಡಿಯವಳಿಗೆ ನಮ್ಮ ಲಿಪಿ ಒಂದಕ್ಷರ ಓದೋಕೆ ಬರಲ್ಲ, ಆದ್ರೂ "ಈಗ ಚೆಂದ ಕಾಣುತ್ತೆ" ಅಂದ್ಳು. ಪುಸ್ತಕಗಳನ್ನೂ ತುಂಬಿದೀನಿ. ಟೈಲರ್ ಓದಿರದೇ ಇರೋದನ್ನೇ ಹುಡುಕಿ ಹಾಕಿದೀನಿ.

ಕೊರಿಯರಲ್ಲಿ ಬರುತ್ತೆ. ಪೊಟ್ಟಣ ಬಿಚ್ಚೋಕೆ ಮಾತ್ರ ಅವನನ್ನ ಕರಿ.

ಏಪ್ರಿಲ್ 30, ಮಧ್ಯಾಹ್ನ
ದೊಡ್ಡಮ್ಮನಿಂದ, ವಾಯ್ಸ್ ನೋಟ್

ಬಂತು. ಎರಡು ದಿನ ಅದರ ಜೊತೆ ಜಗಳ ಆಡಿ ಈಗ ಮಾತಾಡ್ತಿದೀನಿ.

ಮೊದಲನೇ ದೂರು: ಪುಟದ ಸಂಖ್ಯೆ ಇಲ್ಲ. ನೂರಕ್ಕೆ ಇಷ್ಟು ಓದಿದೀಯ ಅಂತ ಶಾಲೆಯ ಮಾರ್ಕ್ಸ್ ಥರ ತೋರಿಸುತ್ತೆ. ಎರಡನೇದು: ಪುಟ ತಿರುಗುವಾಗ ಒಮ್ಮೊಮ್ಮೆ ಕಪ್ಪಗೆ ಕಣ್ಣು ಮಿಟುಕಿಸುತ್ತೆ, ಹೆದರಿಬಿಟ್ಟೆ. ಮೂರನೇದು: ವಾಸನೆ ಇಲ್ಲ.

ಆದ್ರೆ ನಿನ್ನೆ ರಾತ್ರಿ ಮಲಗಿ ಓದಿದೆ ಕಣೇ. ಅಂಗೈ ಮೇಲೆ ಕೂರಿಸ್ಕೊಂಡು, ಗೆಣ್ಣಲ್ಲಿ ಒತ್ತಿ ಒತ್ತಿ. ಎಷ್ಟೋ ತಿಂಗಳಾದ ಮೇಲೆ ಕತೆ ಮುಗಿಯೋ ತನಕ ಓದಿದೆ. ಟೈಲರ್ ಬೆಳಿಗ್ಗೆ ಬಂದು "ಏನಾಯ್ತು ಅಕ್ಕ ಕೊನೆಗೆ?" ಅಂದ. "ಹೇಳಲ್ಲ ಹೋಗು" ಅಂದೆ. ಅವನ ಮುಖ ನೋಡ್ಬೇಕಿತ್ತು ನೀನು.

ಇನ್ನೊಂದು ವಿಷಯ. ಇದಕ್ಕೆ ರಟ್ಟಿಲ್ಲ. ಬತ್ತಲೆ ಇದೆ. ಮೇಜಿನ ಮೇಲೆ ನಿಲ್ಲಿಸಿದ್ರೆ ಜಾರುತ್ತೆ. ನನ್ನ ಅಂಗಡಿಯಲ್ಲಿ ರಟ್ಟಿಲ್ಲದ ಪುಸ್ತಕ ಯಾವತ್ತೂ ರಾತ್ರಿ ಕಳೆದಿಲ್ಲ. ನನ್ನ ಕೈಲಂತೂ ಆಗಲ್ಲ. ನೀನು ಕಟ್ಟು. ಹಿಂದಕ್ಕೆ ಮಡಚಿದ್ರೆ ನಿಲ್ಲೋ ಹಾಗಿರಬೇಕು, ಬಟನ್ ಇರೋ ಪಕ್ಕ ತೆರೆದಿರಬೇಕು. ಟೈಲರ್ ಟೇಪ್ ಹಿಡಿದು ಅಳತೆ ತೆಗೆದಿದಾನೆ, ಕಳಿಸ್ತಾನೆ. ಸೊಂಟ, ತೋಳು ಅಂತ ಬರೆದಿದಾನೆ, ನೀನೇ ಅರ್ಥ ಮಾಡ್ಕೋ.

ಮೇ 6, ರಾತ್ರಿ ಹನ್ನೆರಡು
ಬುಗುರಿಯಿಂದ, ವಾಯ್ಸ್ ನೋಟ್

…ಬಟ್ಟೆ ಸಿಕ್ತು, ರಟ್ಟು ಸಿಕ್ತು, ಆದ್ರೆ ಈ ಊರಲ್ಲಿ ನಿನ್ನ ಅಂಟು ಮಾತ್ರ ಸಿಗಲ್ಲ ದೊಡ್ಡಮ್ಮ. ಕೊನೆಗೆ ಮೈದಾ ಕಾಯಿಸಿ ನಾನೇ ಮಾಡ್ದೆ. ಮೊದಲ ಸಲ ಗಂಟು ಗಂಟಾಯ್ತು, ನರ್ಸ್ ಬಗ್ಗಿ ನೋಡಿ "ಇದು ಊಟಕ್ಕಾ?" ಅಂದ್ಳು. ಎರಡನೇ ಸಲ ನೀನು ಮಾಡೋ ಹಾಗೆ ತಣ್ಣೀರಲ್ಲಿ ಕಲಸಿ ಆಮೇಲೆ ಒಲೆ ಮೇಲಿಟ್ಟೆ, ಸರಿ ಬಂತು.

ಬಟ್ಟೆ ಯಾವುದು ಗೊತ್ತಾ? ಹೋಟೆಲಲ್ಲಿ ಹರಿದ ಹಾಸಿಗೆ ಬಟ್ಟೆ ಒರೆಸೋಕೆ ಹಾಕ್ತಾರೆ. ಮೇಡಂ ಹತ್ರ ಒಂದು ತುಂಡು ಕೇಳ್ದೆ. "ಏನಕ್ಕೆ?" ಅಂದ್ರು. "ನಮ್ಮ ದೊಡ್ಡಮ್ಮನ ಪುಸ್ತಕಕ್ಕೆ" ಅಂದೆ. ಒಳ್ಳೇ ದಪ್ಪನೆಯದ್ದೇ ಹುಡುಕಿ ಕೊಟ್ರು. ಆಮೇಲೆ "ಖಾಯಂ ವಿಷಯ ಏನು ಯೋಚಿಸಿದೆ?" ಅಂದ್ರು. ಅಷ್ಟು ದಿನ ತಪ್ಪಿಸ್ಕೊಂಡು ಓಡಾಡ್ತಿದ್ದೆ. ಇವತ್ತು ಕೈಯಲ್ಲಿ ಬಟ್ಟೆ ಇತ್ತು, ಓಡೋಕಾಗಲಿಲ್ಲ. "ಇರ್ತೀನಿ" ಅಂದೆ. ನನ್ನ ಬಾಯಿಂದಾನೇ ಬಂತು.

ಬ್ಯಾಂಡೇಜ್ ಬಿಚ್ಚಾಗಿದೆ. ಬೆರಳು ಇನ್ನೂ ಪೂರ್ತಿ ಮಡಚೋಕೆ ಬರಲ್ಲ. ಮೂಲೆ ಮಡಚುವಾಗ ನರ್ಸ್ ಹಿಡ್ಕೊಂಡ್ಳು. ಗಾಯ ಕಟ್ಟಿ ಅಭ್ಯಾಸ ಅಲ್ವಾ, ಮೂಲೆ ನಿನ್ನ ಮೂಲೆಗಿಂತ ಚೂಪಾಗಿ ಬಂದಿದೆ. ಹೊಟ್ಟೆಕಿಚ್ಚು ಪಡಬೇಡ.

ಈಗ ಪ್ರೆಸ್ ಎಲ್ಲಿಂದ ತರೋದು? ಎರಡು ಹಲಗೆ ಮಧ್ಯೆ ಇಟ್ಟು, ಮೇಲೆ ನರ್ಸಿನ ದಪ್ಪ ಪಾಠದ ಪುಸ್ತಕ ಇಟ್ಟೆ, ಇಸ್ತ್ರಿಪೆಟ್ಟಿಗೆ ಇಟ್ಟೆ. ಸಾಲಲಿಲ್ಲ. ಆಮೇಲೆ ನನ್ನ ಸೂಟ್‌ಕೇಸ್ ಇಟ್ಟೆ. ತುಂಬಿ ಇಟ್ಟಿದ್ದೆ ದೊಡ್ಡಮ್ಮ, ಧೂಳು ಒರೆಸೋಕೆ ಅಂದಿದ್ನಲ್ಲ, ಅವತ್ತಿಂದ ತುಂಬೇ ಇತ್ತು. ಈಗ ಅದು ನಿನ್ನ ರಟ್ಟಿನ ಮೇಲೆ ಕೂತಿದೆ, ಭಾರಕ್ಕೆ ಒಳ್ಳೇದು. ಬೇರೆ ಊರಿನವಳು ಈಗಷ್ಟೇ ಫೋನ್ ಮಾಡಿ "ಯಾವಾಗ ಬರ್ತೀಯ?" ಅಂದ್ಳು. "ಸೂಟ್‌ಕೇಸ್ ಅಲ್ಲಾಡಿಸೋ ಹಾಗಿಲ್ಲ" ಅಂದೆ. ಹುಚ್ಚಿ ಅನ್ಕೊಂಡಿರ್ತಾಳೆ.

ಅಂಟಿಸಿ ಒಂದು ಗಂಟೆ ಆಗಿಲ್ಲ, ಎರಡು ಸಲ ಒಳಗೆ ಹೋಗಿ ಸೂಟ್‌ಕೇಸ್ ಮೇಲೆ ಕೈ ಇಟ್ಟು ಬಂದೆ. ಎತ್ತಲಿಲ್ಲ. ಆಣೆ, ಎತ್ತಲಿಲ್ಲ. ಅದಕ್ಕೇ ಮೆಟ್ಟಿಲ ಮೇಲೆ ಬಂದು ಕೂತಿದೀನಿ. ಲೈಟ್ ಆಗಲೇ ಹೋಯ್ತು. ಕೈ ಬೀಸಲಿಲ್ಲ, ಹೋಗ್ಲಿ ಬಿಡು, ಕತ್ತಲಲ್ಲೂ ಮಾತಾಡಬಹುದು.

ನಾಳೆ ಇಡೀ ದಿನ ರಜಾ, ಅದೇ ಕಷ್ಟ. ಮನೆಯಲ್ಲೇ ಇರಬೇಕು, ಮುಟ್ಟಬಾರದು. ನೀನು ನಾಳೆ ತನಕ ಅಂದ್ರೆ ಸಂಜೆ ತನಕ ಅಂತ ತಾನೆ? ಒಬ್ಬಳೇ ಇದ್ದಾಗ ಬಿಚ್ಚಲ್ಲ. ಫೋನ್ ಹಲಗೆ ಮೇಲೆ ಇಟ್ಟಿರು, ಗೆಣ್ಣಲ್ಲಿ ಒತ್ತಿದ್ರೆ ಸಾಕು. ಮಟ್ಟಸವಾಗಿ ಮಲಗಿದೆಯೋ ಇಲ್ವೋ ಇಬ್ರೂ ಒಟ್ಟಿಗೇ ನೋಡೋಣ. ಸಂಜೆ ಏಳು ಗಂಟೆಗೆ ನಾನೇ ವಿಡಿಯೊ ಕಾಲ್ ಮಾಡ್ತೀನಿ.